ಹೊನ್ನನ ಹೆಸರಿನ ಸೀಸೆ

“ಇಟ್ಟು ತೋರಿಸಿ ಹೆಗಡೆಯವರೇ,” ಎಂದೆ.

ವಿಘ್ನೇಶ್ವರ ಹೆಗಡೆಯವರು ನಡುಮನೆಯ ಫ್ರಿಜ್ಜಿನ ಬಾಗಿಲು ತೆರೆದು, ಎರಡೂ ಕೈಯಲ್ಲಿ ಥರ್ಮಾಕೋಲ್ ಪೆಟ್ಟಿಗೆ ಹಿಡಿದು ನಿಂತಿದ್ದರು. ಉದ್ದಕ್ಕೆ ತುರುಕಿದರು, ಬಾಗಿಲು ಹಾಕಲು ಬರಲಿಲ್ಲ. ಅಡ್ಡಕ್ಕೆ ಹಿಡಿದರು, ಒಳಗೆ ಹೋಗಲೇ ಇಲ್ಲ. ಮೊಸರಿನ ಪಾತ್ರೆಯನ್ನು ನೆಲಕ್ಕಿಳಿಸಿ ಓರೆ ಮಾಡಿ ನೋಡಿದರು. ಪೆಟ್ಟಿಗೆಯ ಮೂಲೆ ಮುರಿದು ಬಿಳಿಯ ಕಾಳು ನೆಲಕ್ಕೆ ಉದುರಿತು.

“ಹಿಡಿಸ್ತಿತ್ತು,” ಎಂದರು ಪಾಪ.

“ಯಾವತ್ತು? ನೀವು ಕೈಯಾರೆ ಇಟ್ಟಿದ್ದೀರಾ?”

“ನಾನು ಜಗಲಿ ಮೇಲೆ ಇಡ್ತಿದ್ದೆ ನಾಯಕರೇ. ಒಳಗೆ ಇಡೋದು ನಮ್ಮನೆಯವಳು. ಬೆಳಿಗ್ಗೆ ಜಗಲಿಗೆ ತಂದುಕೊಡೋದೂ ಅವಳೇ. ನಾನು ಬಸ್ಸಿಗೆ ಹಾಕಿ ಬರ್ತಿದ್ದೆ.”

ಊರಿಗೆ ಫ್ರಿಜ್ಜು ಕೊಡುತ್ತೇನೆಂದು ದೊಡ್ಡದಾಗಿ ಮಾತು ಕೊಟ್ಟ ಮಹರಾಯ ತನ್ನ ಫ್ರಿಜ್ಜಿನ ಅಳತೆಯನ್ನೇ ನೋಡಿರಲಿಲ್ಲ. ಪೊಲೀಸು ಖಾತೆಯಲ್ಲಿ ತಲೆ ಬೆಳ್ಳಗಾಗಿಸಿಕೊಂಡು ನಿವೃತ್ತನಾದವನು ನಾನು. ಯಜಮಾನ ಹೇಳುವ ಮನೆಯೇ ಬೇರೆ, ಯಜಮಾನಿತಿ ನಡೆಸುವ ಮನೆಯೇ ಬೇರೆ ಎಂಬುದು ನನಗೆ ಗೊತ್ತಿರಬೇಕಿತ್ತು. ಹೋದ ವಾರವೇ ಈ ಬಾಗಿಲು ತೆಗೆಸಿ ನೋಡದ ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ಇವತ್ತು ಮಧ್ಯಾಹ್ನ ಸಿರ್ಸಿಯಲ್ಲಿ ವಿಚಾರಣೆ. ಮೂರು ತಾಲೂಕಿನಲ್ಲಿ ಚಳಿಗಾಲದ ಕೆಮ್ಮು-ಜ್ವರದ ಜಾಡು ಹಿಡಿಯುವ ಸಮೀಕ್ಷೆಗೆ ಹೆಗ್ಗರಣೆಯ ನರ್ಸು ಪ್ರತಿಭಾ ಸುಳ್ಳು ಸೀಸೆ ಕಳಿಸಿದಳು ಎಂಬುದು ಆರೋಪ. ಅಷ್ಟರೊಳಗೆ ನಾನು ಏನನ್ನಾದರೂ ಹಿಡಿದುಕೊಂಡು ಹೋಗದಿದ್ದರೆ ಆ ಹುಡುಗಿಯ ಕೆಲಸ ಹೋಗುತ್ತದೆ. ಅದರ ಹಿಂದೆಯೇ ಪೊಲೀಸು ಕೇಸು.

ಆರೋಪ ಸುಮ್ಮನೆ ಹುಟ್ಟಿದ್ದಲ್ಲ. ಪ್ರತಿ ಗುರುವಾರ ಪ್ರತಿಭಾ ಮನೆ ಮನೆಗೆ ಹೋಗಿ ಕೆಮ್ಮುವವರ ಗಂಟಲಿಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ, ಅದನ್ನು ಔಷಧಿ ನೀರಿನ ಪುಟ್ಟ ಸೀಸೆಯಲ್ಲಿಟ್ಟು, ಐಸಿನ ಪೆಟ್ಟಿಗೆಯಲ್ಲಿ ರಾತ್ರಿ ಹೆಗಡೆಯವರ ಫ್ರಿಜ್ಜಿನಲ್ಲಿರಿಸಿ, ಮರುದಿನ ಬೆಳಗಿನ ಬಸ್ಸಿಗೆ ಸಿರ್ಸಿಗೆ ಕಳಿಸಬೇಕು. ಅಲ್ಲಿಂದ ಅದು ಅವತ್ತೇ ಸಂಜೆಯೊಳಗೆ ಪುಣೆಯ ಪ್ರಯೋಗಾಲಯಕ್ಕೆ. ಯಲ್ಲಾಪುರದ ಕಡೆ ಚಂದಗುಳಿಯ ಸೀಸೆಗಳಲ್ಲಿ ರೋಗಾಣು ಬೆಳೆಯಿತು, ಡಾಕ್ಟರುಗಳ ಜೀಪು ಔಷಧಿ ಹೊತ್ತು ಚಂದಗುಳಿಗೆ ಓಡಿತು. ಹೆಗ್ಗರಣೆಯ ಸೀಸೆಗಳಲ್ಲಿ ವಾರವಾರವೂ ಏನೂ ಇಲ್ಲ. ಊರಿಗೆ ಊರೇ ಕೆಮ್ಮುತ್ತಿತ್ತು, ಕಾಗದದ ಮೇಲೆ ಮಾತ್ರ ಹೆಗ್ಗರಣೆ ಗಟ್ಟಿಮುಟ್ಟಾಗಿತ್ತು. ಜೀಪು ಬರಲಿಲ್ಲ. ಊರಿನ ಕೂಲಿ ಹೊನ್ನನ ತಾಯಿ ದ್ಯಾವಮ್ಮ ಎದೆ ಕಟ್ಟಿ ಸತ್ತಳು.

ಆಮೇಲೆ ಬಂತು ಇನ್ನೊಂದು. ಹೆಗ್ಗರಣೆಯ ಅಷ್ಟೂ ಸೀಸೆಗಳಲ್ಲಿ ಒಂದೇ ಒಂದರಲ್ಲಿ ರೋಗಾಣು ಬೆಳೆದಿದೆ ಎಂದು ಪುಣೆಯಿಂದ ಸುದ್ದಿ. ಅದರ ಮೇಲೆ ಹೊನ್ನನ ಹೆಸರು. ಹೊನ್ನನನ್ನು ಕೇಳಿದರೆ, “ನಾ ಆ ನರ್ಸಮ್ಮನ ಮುಂದೆ ಬಾಯೇ ತೆಗೀಲಿಲ್ಲ. ಆ ವಾರ ನಾ ಊರಲ್ಲೇ ಇರಲಿಲ್ಲ,” ಎಂದ. ಅಲ್ಲಿಗೆ ಎಲ್ಲರೂ ತೀರ್ಪು ಕೊಟ್ಟಾಯಿತು. ಇವಳು ಮನೆಯಲ್ಲಿ ಕೂತು ಹೆಸರು ಬರೆದಳು, ಉಳಿದವಕ್ಕೆ ಒಣ ಕಡ್ಡಿ ಅದ್ದಿ ಕಳಿಸಿದಳು.

“ಸರ್, ಹೊತ್ತಾಗುತ್ತಿದೆ,” ಎಂದರು ಡಾ. ನಮಿತಾ. ಸಮೀಕ್ಷೆಯ ಸಿರ್ಸಿ ಕಚೇರಿಯ ಡಾಕ್ಟರು ಈಕೆ. ಕರೆಯದಿದ್ದರೂ ತಾವೇ ಜೀಪು ಹತ್ತಿ ನನ್ನೊಡನೆ ಬಂದಿದ್ದರು. ಬಂದಾಗಿನಿಂದ ಗಡಿಯಾರ ನೋಡುವುದೇ ಕೆಲಸ. ನನಗೋ ಬೆಳಗಿನಿಂದ ಗಂಟಲು ಕೆರೆತ ಬೇರೆ.

ನಾನು ಜೇಬಿನಿಂದ ಎರಡು ಸೀಸೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಚಂದಗುಳಿಯದು, ಒಂದು ಹೆಗ್ಗರಣೆಯದು. ಜಗಳ ಶುರುವಾದ ಮೇಲೆ ಪುಣೆಗೆ ಕಳಿಸದೆ ಸಿರ್ಸಿಯಲ್ಲೇ ಉಳಿಸಿಕೊಂಡವು. ಸೀಸೆಯ ಬಾಯಿಗೆ ಮೇಣದಬತ್ತಿಯ ಮೇಣ ಸುರಿದು ಭದ್ರ ಮಾಡುವುದು ಎಲ್ಲ ನರ್ಸುಗಳ ಪದ್ಧತಿ. ಚಂದಗುಳಿಯ ಮೇಣ ಟೋಪಿಯ ಹಾಗೆ ನೆಟ್ಟಗೆ ಕೂತಿತ್ತು. ಹೆಗ್ಗರಣೆಯದು ಒಂದೇ ಕಡೆಗೆ ಇಳಿದು ಹೆಪ್ಪುಗಟ್ಟಿತ್ತು.

“ಡಾಕ್ಟರೇ, ಐಸಿನ ಮೇಲೆ ಕೂತ ಮೇಣ ಇಳಿಯುತ್ತದೆಯೇ?”

ನಮಿತಾ ಸೀಸೆಯನ್ನು ಕಣ್ಣಿನ ಹತ್ತಿರ ಹಿಡಿದರು. “ಇಲ್ಲ.”

“ಪೆಟ್ಟಿಗೆ ಮೂಸಿ ನೋಡಿ.”

ಮೂಸಿದರು. “ಹೊಗೆ.”

ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಬಾಯಿಗಿಟ್ಟು ನಿಂತಿದ್ದ ದೇವಕಿ ಹೆಗಡೆಯವರು ಥಟ್ಟನೆ ಒಳಗೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

“ದೇವಕಮ್ಮ,” ಎಂದು ಕರೆದೆ. “ಬಚ್ಚಲ ಮನೆ ಎಲ್ಲಿ?”

ಹೆಗಡೆಯವರು ಬೆಪ್ಪಾಗಿ ನನ್ನನ್ನು ನೋಡಿದರು. ಕೈಕಾಲು ತೊಳೆಯಲು ಕೇಳುತ್ತಿದ್ದೇನೆ ಎಂದುಕೊಂಡಿರಬೇಕು. ಹೆಂಡತಿ ಹಾಗೆ ಅಂದುಕೊಳ್ಳಲಿಲ್ಲ. ತಿರುಗಿ ಬಂದು ಹಿತ್ತಿಲ ಕಡೆಗೆ ಮುಂದೆ ನಡೆದರು.

ಬಚ್ಚಲ ಮನೆಯಲ್ಲಿ ತಾಮ್ರದ ಹಂಡೆಯ ಕೆಳಗೆ ಅಡಿಕೆ ಸಿಪ್ಪೆ ಹೊಗೆಯಾಡುತ್ತಿತ್ತು. ಈ ಕಡೆಯ ಮನೆಗಳಲ್ಲಿ ಆ ಬೆಂಕಿ ಆರುವುದೇ ಇಲ್ಲ. ಒಲೆಯ ಮೇಲ್ಗಡೆ ಗೋಡೆಗೆ ಒಂದು ಹಲಗೆಯ ಅಟ್ಟ. ಅದರ ಮೇಲೆ ಬಾಳೆಎಲೆ ಹಾಸಿತ್ತು, ಒಣಗಿ ಕಂದಾಗಿದ್ದ ಎಲೆ. ಎಲೆಯ ನಡುವೆ ಪೆಟ್ಟಿಗೆಯ ತಳದಷ್ಟೇ ಅಗಲದ ಜಾಗ, ಅಲ್ಲಿ ಮಾತ್ರ ಮಸಿ ಇರಲಿಲ್ಲ.

ನಮಿತಾ ತಮ್ಮ ಚೀಲದಿಂದ ಐಸಿನ ಪೆಟ್ಟಿಗೆಗೆ ಇಡುವ ಉಷ್ಣಮಾಪಕ ತೆಗೆದು ಅಟ್ಟದ ಮೇಲಿಟ್ಟರು. ಪಾದರಸ ಏರತೊಡಗಿತು. ಅವರ ಮುಖ ಇಳಿಯತೊಡಗಿತು.

“ರಾತ್ರಿಯೆಲ್ಲ ಇಲ್ಲೇ ಇದ್ದರೆ ಐಸು ನೀರಾಗಿ, ನೀರು ಬಿಸಿಯಾಗುತ್ತದೆ,” ಎಂದರು. “ಒಂದು ರೋಗಾಣುವೂ ಬದುಕುವುದಿಲ್ಲ. ಪುಣೆಯವರು ಅದನ್ನು ಮೊಟ್ಟೆಯೊಳಗೆ ಹಾಕಿ ಬೆಳೆಸಿ ನೋಡುವುದು. ಸತ್ತದ್ದು ಹೇಗೆ ಬೆಳೆಯಬೇಕು?”

ಮೊಟ್ಟೆಯ ಮಾತು ದೇವಕಮ್ಮನ ಕಿವಿಗೆ ಬೀಳದಿರಲಿ ಎಂದು ನಾನು ಜೋರಾಗಿ ಕೆಮ್ಮಿದೆ.

“ಎಂತದೇ ಇದು?” ಹೆಗಡೆಯವರು ಹೆಂಡತಿಯ ಕಡೆ ತಿರುಗಿ ತಮ್ಮ ಮನೆಮಾತಿಗೆ ಇಳಿದರು. “ಫ್ರಿಜ್ಜಲ್ಲಿ ಇಡ್ತಾ ಇದ್ದಿದ್ದಿಲ್ಯನೇ ನೀನು?”

“ಇಲ್ಲೆ.”

“ಒಂದಿನಾನೂ?”

“ಇಲ್ಲೆ ಹೇಳಿ ಹೇಳಿದ್ನಲಿ.” ದೇವಕಮ್ಮ ಗಂಡನ ಕಡೆ ನೆಟ್ಟಗೆ ನೋಡಿದರು. “ಊರೋರ ಗಂಟ್ಲ ಎಂಜಲು ಅದು. ದೇವರ ನೈವೇದ್ಯದ ಹಾಲು ಇಪ್ಪ ಫ್ರಿಜ್ಜಲ್ಲಿ ಇಡದು ಹೆಂಗೆ? ನಿಂಗಳೇ ಹೇಳಿ. ನಿಂಗ ಮಾತು ಕೊಟ್ಟಿಕ್ಕಿ ಬಂದ್ರಿ. ಒಳಗೆ ಬಾಳ್ವೆ ಮಾಡವ್ವು ಆನು.”

“ಯಂಗೆ ಒಂದು ಮಾತು ಹೇಳಲಾಗ್ತಿತ್ತಿಲ್ಯ?”

“ಹೇಳಿರೆ ನಿಂಗಳ ಮರ್ಯಾದೆ ಹೋಗ್ತಿತ್ತು. ಅದಕ್ಕೇ ಹೇಳಿದ್ದಿಲ್ಲೆ.”

ನನ್ನ ಕಡೆ ತಿರುಗಿ, ನಮ್ಮ ಕನ್ನಡದಲ್ಲಿ ಹೇಳಿದರು: “ಎಸೀಲಿಲ್ಲ ನಾಯಕರೇ ನಾನು. ಇಲಿ ಮುಟ್ಟಬಾರದು ಅಂತ ಎಲೆ ಹಾಸಿ ಅಷ್ಟು ಎತ್ತರದಲ್ಲಿ ಇಟ್ಟೆ. ಕೆಮ್ಮಿನ ಔಷಧಿ ಸಾಮಾನು ಅಲ್ದಾ, ಬೆಚ್ಚಗಿದ್ದರೆ ಒಳ್ಳೇದು ಅಂದ್ಕಂಡೆ. ಎಂತಕ್ಕೆ ತಣ್ಣಗಿಡಬೇಕು ಅಂತ ನನಗೆ ಯಾರೂ ಹೇಳಲಿಲ್ಲ.”

ನಿಜ. ಯಾರೂ ಹೇಳಿರಲಿಲ್ಲ. ಸಮೀಕ್ಷೆಯ ದೊಡ್ಡವರು ಹೆಗಡೆಯವರನ್ನು ಕೂರಿಸಿಕೊಂಡು ಪಾಠ ಮಾಡಿದ್ದರು, ಪೆಟ್ಟಿಗೆ ಹೊರುವವಳಿಗೆ ಮಾಡಿರಲಿಲ್ಲ. ಎಂಜಲು ಎಂದರೆ ಈ ಮನೆಗಳಲ್ಲಿ ಏನು ಎಂಬುದು ನನಗೆ ಗೊತ್ತು. ಲೋಟಕ್ಕೆ ತುಟಿ ತಾಗಿಸದೆ ನೀರು ಕುಡಿಯುವುದನ್ನು ಮಾತು ಕಲಿಯುವ ಮೊದಲೇ ಕಲಿಯುವವರು. ಅವರ ಫ್ರಿಜ್ಜಿಗೆ ಇಡೀ ಊರಿನ ಉಗುಳು ಕಳಿಸಿ, ವರದಿ ಸರಿಯಾಗಿ ಬರಲಿ ಎಂದು ಸಿರ್ಸಿಯಲ್ಲಿ ಕಾಯುತ್ತ ಕೂತಿದ್ದರು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಇದರಿಂದ ಏನಾಯಿತು ಗೊತ್ತೇ?” ಎಂದು ಕೇಳಿದೆ. ಮೆತ್ತಗೆ ಕೇಳಬೇಕಿತ್ತು, ಆಗಲಿಲ್ಲ. “ಪ್ರತಿಭಾ ಸರಿಯಾಗಿಯೇ ಕೆಲಸ ಮಾಡಿದಳು. ನಿಮ್ಮ ಒಲೆ ಅದನ್ನು ಕೊಂದಿತು. ಈಗ ಅವಳನ್ನು ಸುಳ್ಳುಗಾತಿ ಅನ್ನುತ್ತಿದ್ದಾರೆ. ನೀವು ಸಿರ್ಸಿಗೆ ಬಂದು ಇದಿಷ್ಟನ್ನೂ ಹೇಳಬೇಕು.”

“ಸಾಧ್ಯ ಇಲ್ಲೆ,” ಎಂದರು ಹೆಗಡೆಯವರು ನಡುವೆ ಬಾಯಿ ಹಾಕಿ. “ನಾಯಕರೇ, ದ್ಯಾವಮ್ಮ ಸತ್ತಾಳೆ. ನಾಳೆ ಊರವರು ಏನಂತಾರೆ? ಹೆಗಡೆ ಹೆಂಡತಿ ಮಡಿ ಮಾಡಿ ಹೆಣ ಬೀಳಿಸಿದಳು ಅಂತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರೋದಿಲ್ಲ.”

“ಆ ಹುಡುಗಿಗೆ ಮಾನ ಇಲ್ಲವೇ?”

ದೇವಕಮ್ಮ ಒಲೆಯ ಮುಂದೆ ಹಾಗೇ ಕುಸಿದು ಕೂತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹೊಗೆಯದ್ದಲ್ಲ.

“ದ್ಯಾವಮ್ಮ ನಮ್ಮನೆಗೆ ಅಡಿಕೆ ಸುಲಿಯಲು ಬರ್ತಿದ್ದಳು,” ಎಂದರು. “ಮದುವೆಯಾಗಿ ಬಂದಾಗಿಂದ ನೋಡಿದವಳು. ನಾನೇ ಕೊಂದ ಹಾಂಗಾತು.”

ನಮಿತಾ ಅವರ ಹೆಗಲ ಮೇಲೆ ಕೈಯಿಟ್ಟರು. “ಹಾಗೆ ಯಾರೂ ಹೇಳುವುದಿಲ್ಲ ಅಮ್ಮ. ಗೊತ್ತಿಲ್ಲದೆ ಆದದ್ದು.” ಆಮೇಲೆ ನನ್ನತ್ತ ತಿರುಗಿ, “ಸಾಕಲ್ಲ ಸರ್? ಎಲ್ಲಕ್ಕೂ ಕಾರಣ ಸಿಕ್ಕಿತು. ಹೊರಡೋಣ.”

ಎಲ್ಲಕ್ಕೂ.

“ಒಂದು ಬಿಟ್ಟು,” ಎಂದೆ. “ಪೆಟ್ಟಿಗೆಯೆಲ್ಲ ಬೆಂದಿದ್ದರೆ ಹೊನ್ನನ ಹೆಸರಿನದು ಹೇಗೆ ಬೆಳೆಯಿತು ಡಾಕ್ಟರೇ?”

ನಮಿತಾ ಉಷ್ಣಮಾಪಕವನ್ನು ಒರೆಸಿ, ಚೀಲಕ್ಕೆ ಹಾಕಿ, ಚೀಲದ ಬಾಯಿ ಎಳೆದುಕೊಂಡರು.

“ಅದೊಂದು ಹೇಗೋ ಉಳಿದಿರಬಹುದು,” ಎಂದರು. “ಆ ವಾರ ಪೆಟ್ಟಿಗೆ ಬೇರೆಲ್ಲೋ ಇಟ್ಟಿರಬಹುದು. ನಾನು ಜೀಪಿನ ಹತ್ತಿರ ಇರುತ್ತೇನೆ.”

ಹೋದರು. ಹೆಗಡೆಯವರೂ ಅಂಗಿ ಹಾಕಿಕೊಳ್ಳಲು ಒಳಗೆ ಹೋದರು. ಬರುತ್ತಾರೋ ಇಲ್ಲವೋ ಹೇಳಲಿಲ್ಲ.

ನಾನು ದೇವಕಮ್ಮನ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. “ಮನೆಯಲ್ಲಿ ಶ್ರಾದ್ಧ ಇತ್ತಲ್ಲ ಹೋದ ತಿಂಗಳು, ಶುಕ್ರವಾರ? ಅದರ ಹಿಂದಿನ ಸಂಜೆ ಬಂದ ಪೆಟ್ಟಿಗೆ. ಹೊನ್ನನ ಸೀಸೆ ಹೋದದ್ದು ಅದರಲ್ಲೇ. ಅವತ್ತು ಎಲ್ಲಿಟ್ಟಿರಿ? ಚೆನ್ನಾಗಿ ನೆನಪು ಮಾಡಿಕೊಂಡು ಹೇಳಿ.”

“ನೆನಪು ಮಾಡಬೇಕಾ ಅದನ್ನ?” ಕಣ್ಣೊರೆಸಿಕೊಂಡರು. “ಇಲ್ಲೇ, ಇದೇ ಅಟ್ಟದ ಮೇಲೆ. ಪುರೋಹಿತರು, ನೆಂಟರು ಎಲ್ಲರ ಸ್ನಾನಕ್ಕೆ ಅಂತ ಬೆಳಗಿನವರೆಗೆ ಒಲೆಗೆ ಸಿಪ್ಪೆ ತುಂಬ್ತಾ ಇದ್ದೆ. ಇವತ್ತಿನ ಬೆಂಕಿ ಎಂತದೂ ಅಲ್ಲ. ಅವತ್ತು ಹಂಡೆ ಕುದೀತಿತ್ತು.”

“ಪೆಟ್ಟಿಗೆ ಬಸ್ಸಿಗೆ ಹೋಗುವವರೆಗೂ ಇಲ್ಲೇ ಇತ್ತೇ?”

“ಇಲ್ಲೇ. ನಾನೇ ಇಳಿಸಿದ್ದು. ಕೈ ಸುಡ್ತಿತ್ತು.”

ಹಾಗಾದರೆ ಉಳಿದವುಗಳಿಗಿಂತ ಮೊದಲು ಸಾಯಬೇಕಿದ್ದದ್ದು ಹೊನ್ನನ ಸೀಸೆ. ಅದೇ ಬದುಕಿತ್ತು. ಬದುಕಿದೆ ಎಂದರೆ ಅದು ಈ ಅಟ್ಟ ಕಂಡೇ ಇಲ್ಲ, ಈ ಮನೆಯ ಹೊಸ್ತಿಲು ದಾಟಿಯೇ ಇಲ್ಲ. ಪ್ರತಿಭಾ ಪೆಟ್ಟಿಗೆಗೆ ತಗಡಿನ ಪಟ್ಟಿ ಬಿಗಿದು ಬೀಗ ಹಾಕಿಯೇ ಕೊಡುವುದು. ಒಂದು ಕೀಲಿ ಪ್ರತಿಭಾಳ ಬಳಿ. ಇನ್ನೊಂದು ಸಿರ್ಸಿಯ ಕಚೇರಿಯಲ್ಲಿ, ಅಲ್ಲಿ ಬೀಗ ತೆಗೆಯುವವರು ಇಬ್ಬರು: ಸಮೀಕ್ಷೆಯ ಮುಖ್ಯಸ್ಥ ಶಂಭುಲಿಂಗ ಮತ್ತು ಡಾ. ನಮಿತಾ.

ಬೇರೆ ಯಾರದೋ ಗಂಟಲಿನ ರೋಗಾಣು ಅದು. ಸಿರ್ಸಿಯಲ್ಲಿ ಯಾರೋ ಅದಕ್ಕೆ ಹೊನ್ನನ ಹೆಸರು ಅಂಟಿಸಿ ಹೆಗ್ಗರಣೆಯ ಪೆಟ್ಟಿಗೆಗೆ ಸೇರಿಸಿದ್ದಾರೆ. ಇಷ್ಟು ದಿನ ಎಲ್ಲರೂ ಬೆಳೆಯದ ಸೀಸೆಗಳನ್ನು ಸುಳ್ಳು ಎನ್ನುತ್ತಿದ್ದರು, ನಾನೂ ಅವುಗಳ ಹಿಂದೆಯೇ ಓಡಾಡುತ್ತಿದ್ದೆ. ಸುಳ್ಳಾಗಿದ್ದದ್ದು ಬೆಳೆದ ಆ ಒಂದೇ.

“ಪ್ರತಿಭಾ ಆ ಶುಕ್ರವಾರ ಎಲ್ಲಿದ್ದಳು, ಗೊತ್ತೇ?” ಎಂದು ಕೇಳಿದೆ. ಅವಳ ಬಳಿಯೂ ಕೀಲಿ ಇತ್ತಲ್ಲ. ಕೇಳದೆ ಬಿಡುವ ಹಾಗಿರಲಿಲ್ಲ.

“ಇಲ್ಲೇ.”

“ಇಲ್ಲೇ ಅಂದರೆ?”

“ನಮ್ಮನೇಲಿ.” ದೇವಕಮ್ಮ ಒಳಮನೆಯ ಕಡೆ ಕೈ ತೋರಿಸಿದರು. “ಗುರುವಾರ ಸಂಜೆ ಪೆಟ್ಟಿಗೆ ಕೊಡಲು ಬಂದ ಕೂಸು, ಅತ್ತೆಯ ಉಸಿರಾಟ ನೋಡಿ ಹೋಗಲೇ ಇಲ್ಲ. ಮಾರನೇ ದಿನ ಶ್ರಾದ್ಧ. ಅಡುಗೆ ಮುಗಿದು ಪಿಂಡ ಆಗುವವರೆಗೆ ನಾನು ಮಡಿ, ಅತ್ತೆಯನ್ನು ಮುಟ್ಟೋ ಹಾಂಗಿಲ್ಲ. ಅತ್ತೆ ಕೆಮ್ಮಿ ಕೆಮ್ಮಿ ಕಫ ಕಾರಿಕೊಂಡರು. ನಾನು ಬಾಗಿಲ ಹೊರಗೆ ನಿಂತು ನೋಡ್ತಾ ಇದ್ದೆ. ಆ ಕೂಸು ತನ್ನ ಕೈಯಿಂದ ಬಾಯಿ ಒರೆಸಿತು. ಬೆನ್ನು ನೀವಿತು. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಯಿತು, ಅಲ್ಲಿವರೆಗೆ ಆ ಮಂಚ ಬಿಟ್ಟು ಏಳಲಿಲ್ಲ.”

ಒಳಮನೆಯಿಂದ ಮುದುಕಿಯ ಕೆಮ್ಮು ಕೇಳಿಸಿತು, ಬದುಕಿ ಉಳಿದವರ ಒಣ ಕೆಮ್ಮು.

“ಎಂಜಲು ಅಂತ ನಾನು ಪೆಟ್ಟಿಗೆ ಒಳಗೆ ಬಿಟ್ಟುಕೊಳ್ಳಲಿಲ್ಲ,” ಎಂದರು ದೇವಕಮ್ಮ. “ನಮ್ಮನೆಯ ಎಂಜಲು ಅದು ಬರಿಗೈಲಿ ಬಳಿದು ತೆಗೀತು.” ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು. “ನಡೀರಿ. ನಾನು ಬರ್ತೆ ಸಿರ್ಸಿಗೆ. ಎಷ್ಟು ಜನ ಕೂತಿದ್ದರೂ ಹೇಳ್ತೆ. ಇವರು ಬಂದರೆ ಬರಲಿ, ಬಿಟ್ಟರೆ ಬಿಡಲಿ.”

ಹೆಗಡೆಯವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. “ಆನೂ ಬರ್ತೆ ಮಾರಾಯ್ತಿ,” ಎಂದರು. “ಮಾತು ಕೊಟ್ಟಿದ್ದು ಆನೇ ಅಲ್ದಾ?”

ಆ ಗಳಿಗೆಯಲ್ಲಿ ಆ ಗಂಡಹೆಂಡಿರ ಮೇಲೆ ನನಗೆ ಬಂದ ಪ್ರೀತಿ ಅಷ್ಟಿಷ್ಟಲ್ಲ. ಇಂಥ ಸಾಕ್ಷಿ ಸಿಗಲೆಂದು ಇಡೀ ನೌಕರಿಯಲ್ಲಿ ಹರಕೆ ಹೊತ್ತವನು ನಾನು.

ನಡುಮನೆಯ ಮೂಲೆಯಲ್ಲಿ ಫೋನಿತ್ತು. ವಿಚಾರಣೆ ಶುರು ಮಾಡಬೇಡಿ, ಸಾಕ್ಷಿ ಕರೆತರುತ್ತಿದ್ದೇನೆ ಎಂದು ಹೇಳಿಬಿಡೋಣ ಎಂದು ಸಿರ್ಸಿಯ ಕಚೇರಿಗೆ ನಂಬರು ಒತ್ತಿದೆ. ಲೈನು ಸಿಗಲಿಲ್ಲ. ಮತ್ತೆ ಒತ್ತಿದೆ. ಗೊರಗೊರ ಸದ್ದು. ಮೂರನೆಯ ಸಲಕ್ಕೆ ಯಾರೋ ಎತ್ತಿಕೊಂಡು, ನನ್ನ ಹೆಸರು ಕೇಳಿದ ಕೂಡಲೆ ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟರು.

“ಸಾಹೇಬ್ರ, ನಾನ್ರೀ, ಕಲ್ಲಯ್ಯ.”

ಪ್ರತಿಭಾಳ ತಂದೆ. ಬನವಾಸಿಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮಗಳ ಹೆಸರು ಉಳಿಸಿಕೊಡಿ ಎಂದು ನನ್ನ ಮನೆ ಬಾಗಿಲಿಗೆ ಬಂದು ಈ ಕೆಲಸಕ್ಕೆ ನನ್ನನ್ನು ಎಳೆದವರೂ ಅವರೇ.

“ಕಲ್ಲಯ್ಯನವರೇ, ಗೆದ್ದೆವು! ನಿಮ್ಮ ಮಗಳದು ಏನೂ ತಪ್ಪಿಲ್ಲ. ನಾನು ಈಗಲೇ—”

“ಇನ್ನ ಬರಬ್ಯಾಡ್ರಿ ಸಾಹೇಬ್ರ.”

“ಏನು?”

ಆ ಕಡೆ ಮುದುಕ ಮೂಗು ಸೇದಿದ್ದು ಕೇಳಿಸಿತು. “ವಿಚಾರಣಿ ಶುರು ಆಗೂಕಿಂತ ಮೊದ್ಲ ಆಕೀನ ಎದ್ದು ನಿಂತ್ಳರೀ. ಎಲ್ಲಾರ ಮುಂದ ತಪ್ಪು ಒಪ್ಕೊಂಡ್ಳು. ಹೊನ್ನನ ಹೆಸರಿನ ಬಾಟ್ಲಿ ನಾನ ಹಾಕೇನಿ ಅಂದ್ಳರೀ.”

“ಎಲ್ಲಿ ಹಾಕಿದೆ ಅಂದಳು? ಹೆಗ್ಗರಣೆಯಲ್ಲಾ?”

“ಅಲ್ಲರೀ. ಶುಕ್ರವಾರ ಮಧ್ಯಾಹ್ನ ಸಿರ್ಸಿಗೆ ಬಂದು, ಆಫೀಸಿನ್ಯಾಗ ಪೆಟ್ಟಿಗಿ ಬೀಗ ತಗದು ಹಾಕಿದ್ನಿ ಅಂತ.” ದನಿ ಒಡೆಯಿತು. “ನನ್ನ ಮಗಳು ಹಿಂಗ್ಯಾಕ ಮಾಡಿದ್ಳರೀ ಸಾಹೇಬ್ರ? ನಾ ಆಕೀನ ಹಂಗ ಬೆಳಸಿಲ್ಲರೀ.”

ಫೋನಿನಿಂದ ತುಸು ದೂರದಲ್ಲೇ, ಒಳಮನೆಯ ತೆರೆದ ಬಾಗಿಲಾಚೆ, ಆ ಮಂಚ ಕಾಣುತ್ತಿತ್ತು. ಆ ಶುಕ್ರವಾರ ಮಧ್ಯಾಹ್ನ ಪ್ರತಿಭಾ ಇದ್ದದ್ದು ಅಲ್ಲಿ, ಸಿರ್ಸಿಯಲ್ಲಲ್ಲ. ಆದರೂ ಸೀಸೆ ಪೆಟ್ಟಿಗೆಗೆ ಬಿದ್ದದ್ದು ಸಿರ್ಸಿಯಲ್ಲಿ ಎಂಬುದು ಅವಳಿಗೆ ಗೊತ್ತು. ನನಗೇ ಅದು ಹೊಳೆದದ್ದು ಈಗ, ಬಚ್ಚಲ ಒಲೆಯ ಮುಂದೆ. ನಾನಿನ್ನೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಹಾಕಿದವರು ಯಾರೆಂದು ಅವಳಿಗೆ ಗೊತ್ತು. ಅವರಿಗಾಗಿ ಅವಳು ತನ್ನ ಕುತ್ತಿಗೆ ಒಡ್ಡಿದ್ದಾಳೆ.

“ಅವಳ ಕೈಯಿಂದ ಯಾರಿಗೂ ಸಹಿ ಹಾಕಿಸಿಕೊಳ್ಳಲು ಬಿಡಬೇಡಿ. ನಾನು ಬರುವವರೆಗೆ ಅವಳನ್ನು ಒಬ್ಬಳೇ ಎಲ್ಲಿಗೂ ಕಳಿಸಬೇಡಿ,” ಎಂದು ಹೇಳಿ ಫೋನಿಟ್ಟೆ. ಕೇಳಿಸಿತೋ ಇಲ್ಲವೋ, ಲೈನು ಮತ್ತೆ ಗೊರಗುಟ್ಟುತ್ತಿತ್ತು.

ಅಂಗಳ ದಾಟಿ, ಬೇಲಿಯ ದಣಪೆ ದಾಟಿ ರಸ್ತೆಗೆ ಬಂದೆ. ಜೀಪು ಮನೆಯಿಂದ ದೂರ, ಇಳಿಜಾರಿನ ಕೆಳಗೆ ನಿಂತಿತ್ತು. ಅಲ್ಲಿಗೆ ಮನೆಯೊಳಗಿನ ಕೂಗೂ ಕೇಳಿಸುವುದಿಲ್ಲ, ಫೋನಿನ ಮಾತಂತೂ ದೂರವೇ ಉಳಿಯಿತು. ನಮಿತಾ ಮುಂದಿನ ಸೀಟಿನಲ್ಲಿ ಕೂತು ಬೆರಳಿಗೆ ಕರವಸ್ತ್ರ ಸುತ್ತುತ್ತಿದ್ದರು.

ನಾನು ಹತ್ತಿರ ಹೋದೆ. ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಇನ್ನೂ ಯೋಚಿಸುತ್ತಿದ್ದೆ. ಒಂದು ಮಾತೂ ನನ್ನ ಬಾಯಿಂದ ಹೊರಟಿರಲಿಲ್ಲ.

ನಮಿತಾ ತಲೆಯೆತ್ತಿ ನನ್ನ ಮುಖ ನೋಡಿದರು.

“ಒಪ್ಪಿಕೊಂಡಳಾ?” ಎಂದು ಕೇಳಿದರು.